ಮನೇಲೇ ಇದ್ದೀಯಲ್ಲ, ಮಗು ನೋಡ್ಕೊಂಡ್ರೆ ಆಯ್ತು!

ಊರಿಂದ ಯಾರೇ ಫೋನ್ ಮಾಡಲಿ, ಮಾತು ತಿರುಗಿ ತಿರುಗಿ ಇಲ್ಲಿಗೇ ಬರುತ್ತದೆ. "ನಿನಗೇನಪ್ಪ, ವರ್ಕ್ ಫ್ರಂ ಹೋಮು. ಮನೇಲೇ ಇರ್ತೀಯಲ್ಲ, ಮಗು ನೋಡ್ಕೊಂಡ್ರೆ ಆಯ್ತು." ಚಿಕ್ಕಪ್ಪ ಹೇಳಿದ್ದಾರೆ, ದೊಡ್ಡಮ್ಮ ಹೇಳಿದ್ದಾರೆ, ಇನ್ನೂ ಮದುವೆಯೇ ಆಗದ ಮಾವನ ಮಗನೂ ಹೇಳಿದ್ದಾನೆ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಆದರೆ ಈ ಮಾತು ಪೂರ್ತಿ ತಪ್ಪು. ಯಾಕೆ ತಪ್ಪು ಅಂತ ನನಗೆ ತಲೆಗೆ ಹತ್ತಿದ್ದು ಪುಣೆಗೆ ಬಂದ ಮೇಲೆ.

ನಾನು ತಿಪಟೂರು ಕಡೆಯವನು. ಹೆಂಡತಿ ಗದಗದವಳು. ನಾವಿರುವುದು ವಾಕಡ್‌ನಲ್ಲಿ, ನನ್ನ ಕಂಪನಿ ಹಿಂಜೇವಾಡಿಯಲ್ಲಿ, ಅವಳ ಬ್ಯಾಂಕ್ ಚಿಂಚವಾಡದಲ್ಲಿ. ಬ್ಯಾಂಕಿನ ಕೌಂಟರನ್ನು ಯಾರೂ ಮನೆಗೆ ಹೊತ್ತು ತರಲು ಬರುವುದಿಲ್ಲ. ಹಾಗಾಗಿ ಅವಳ ಹೆರಿಗೆ ರಜೆ ಮುಗಿದ ಮೇಲೆ ಹಗಲು ಹೊತ್ತು ಮಗಳು ನನ್ನ ಪಾಲು. ವಾರಕ್ಕೆ ಎರಡು ದಿನ ನಾನು ಆಫೀಸಿಗೆ ಹೋಗಬೇಕು, ಉಳಿದ ದಿನ ಲ್ಯಾಪ್‌ಟಾಪ್ ಮನೆಯಲ್ಲೇ.

ಮೊದಲು ಸುಮ್ನೆ ಒಂದು ಲೆಕ್ಕ ಹಾಕೋಣ. ನಾಲ್ಕರಿಂದ ಹನ್ನೊಂದು ತಿಂಗಳ ಮಗು ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ಹದಿನಾರು ಗಂಟೆ ಮಗು ಮಲಗಿದರೆ ಒಂದು ಸಾಫ್ಟ್‌ವೇರ್ ಪೂರ್ತಿ ಬರೆದು ಮುಗಿಸಬಹುದು. ಆದರೆ ಅದರಲ್ಲಿ ರಾತ್ರಿಯದೂ ಸೇರಿದೆ. ರಾತ್ರಿಯದನ್ನು ಕಳೆದರೆ ಹಗಲಿಗೆ ಉಳಿಯುವುದು ಮೂರು ಗಂಟೆಯೋ ನಾಲ್ಕು ಗಂಟೆಯೋ, ಅದೂ ತುಂಡು ತುಂಡಾಗಿ, ಅದೂ ಕುಕ್ಕರ್ ಕೂಗದಿದ್ದರೆ, ಕೊರಿಯರ್‌ನವನು ಬೆಲ್ ಒತ್ತದಿದ್ದರೆ, ಮೇಲಿನ ಮನೆಯವರು ಗೋಡೆಗೆ ಡ್ರಿಲ್ ಇಳಿಸದಿದ್ದರೆ. ಆಫೀಸಿನ ಕೆಲಸ ಒಂಬತ್ತು ಗಂಟೆ. ಉಳಿದ ಐದಾರು ಗಂಟೆ ಯಾರದ್ದು? ಮಗಳು ಈಗ ಅಂಬೆಗಾಲಿಡುತ್ತಾಳೆ. ಅಂಬೆಗಾಲಿಡುವ ಮಗುವನ್ನು "ನೋಡಿಕೊಳ್ಳುವುದು" ಅಂದರೆ ಅಕ್ಷರಶಃ ಕಣ್ಣು ತೆಗೆಯದೆ ನೋಡುವುದು. ನಾನು ಮೀಟಿಂಗಿನಲ್ಲಿ ನನ್ನ ಸರದಿ ಬಂತು ಅಂತ ಮ್ಯೂಟ್ ತೆಗೆದು ಎರಡು ವಾಕ್ಯ ಹೇಳುವಷ್ಟರಲ್ಲಿ ಅವಳು ಹಾಲ್ ದಾಟಿ, ಚಪ್ಪಲಿ ಸ್ಟ್ಯಾಂಡಿಗೆ ಹೋಗಿ, ನನ್ನ ಹವಾಯಿ ಚಪ್ಪಲಿಯ ಪಟ್ಟಿಯನ್ನು ಬಾಯಿಗಿಟ್ಟುಕೊಂಡು ಕೂತಿರುತ್ತಾಳೆ. ನಗುತ್ತಾಳೆ ಬೇರೆ. ಆ ಕಡೆ ಕ್ಲೈಂಟು, ಈ ಕಡೆ ಚಪ್ಪಲಿ.

ಎರಡೂ ಕೆಲಸ ಒಟ್ಟಿಗೆ ಮಾಡಿದರೆ ಎರಡೂ ಅರ್ಧರ್ಧ ಆಗುತ್ತವೆ. ಕೋಡಿನಲ್ಲಿ ತಪ್ಪಾದರೆ ನಾಳೆ ಸರಿ ಮಾಡಬಹುದು, ಬಟನ್ ಸೆಲ್ ನುಂಗಿದರೆ ಅದು ಆಸ್ಪತ್ರೆಯ ವಿಷಯ.

ಇಷ್ಟು ಸರಳ ವಿಷಯ ನಮ್ಮ ಕಡೆಯವರಿಗೆ ಯಾಕೆ ಹೊಳೆಯುವುದಿಲ್ಲ ಅಂತ ತುಂಬಾ ಯೋಚನೆ ಮಾಡಿದ್ದೇನೆ. ನನಗೆ ಅನಿಸುವುದು, ನಮ್ಮ ಕಡೆ ಮಗು ನೋಡಿಕೊಳ್ಳುವುದನ್ನು ಯಾರೂ ಕೆಲಸ ಅಂತ ಎಣಿಸಿಯೇ ಇಲ್ಲ. ಅದು ತಾನಾಗಿ ನಡೆಯುತ್ತಿತ್ತು. ಅಂದರೆ ಯಾರೋ ಹೆಂಗಸರು ಮಾಡುತ್ತಿದ್ದರು, ಆದ್ದರಿಂದ ಗಂಡಸರಿಗೆ ಅದು ತಾನಾಗಿ ನಡೆದಂತೆ ಕಾಣುತ್ತಿತ್ತು. ಅಜ್ಜಿ, ಅತ್ತೆ, ಮದುವೆಯಾಗದ ಚಿಕ್ಕಮ್ಮ, ಎದುರು ಮನೆಯ ಅಕ್ಕ. ನಾನು ಚಿಕ್ಕವನಿದ್ದಾಗ ಅಮ್ಮ ತೋಟಕ್ಕೆ ಹೋದರೆ ನನ್ನನ್ನು ಪಕ್ಕದ ಮನೆಯ ಜಗಲಿಯಲ್ಲಿ ಬಿಟ್ಟು ಹೋಗುತ್ತಿದ್ದಳಂತೆ. ದುಡ್ಡಿಲ್ಲ, ಲೆಕ್ಕವಿಲ್ಲ. ಈಗ ಆ ಪಕ್ಕದ ಮನೆಯವರ ಸೊಸೆ ಶಾಲೆಯ ಟೀಚರ್. ಜಗಲಿಗೆ ಗ್ರಿಲ್ ಬಂದಿದೆ, ಬೆಳಿಗ್ಗೆ ಒಂಬತ್ತಕ್ಕೆ ಬೀಗ ಬೀಳುತ್ತದೆ. ಹಾಗಿದ್ದರೂ ಮನೆಯಲ್ಲಿ ಯಾರಾದರೂ ಒಬ್ಬರು ಇದ್ದರೆ ಸಾಕು, ಮಗು ಬೆಳೆಯುತ್ತದೆ ಅನ್ನುವ ನಂಬಿಕೆ ಮಾತ್ರ ಹಾಗೇ ಉಳಿದುಕೊಂಡಿದೆ.

ಹಾಗಂತ ನಮ್ಮ ಕಡೆಯ ರೀತಿಯನ್ನೆಲ್ಲ ಬೈಯಲು ನಾನು ಕೂತಿಲ್ಲ. ಬಾಣಂತನದ ವಿಷಯದಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಗದಗದಲ್ಲಿ ಅತ್ತೆ ಮಾಡಿದ ಬಾಣಂತನ ನೋಡಿ ನಾನು ಬೆರಗಾಗಿದ್ದೆ. ಬೆಳಿಗ್ಗೆ ಹಂಡೆಯಲ್ಲಿ ನೀರು ಮರಳುತ್ತಿರುತ್ತಿತ್ತು. ಎರೆಯಲು ಬರುತ್ತಿದ್ದ ಅಜ್ಜಿ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ, ಒಂದು ಕೈ ಮಗುವಿನ ಮೂಗಿಗೆ ನೀರು ಹೋಗದಂತೆ ಅಡ್ಡ ಹಿಡಿದು ಇನ್ನೊಂದು ಕೈಯಿಂದ ಚೊಂಬು ಚೊಂಬಾಗಿ ಎರೆಯುತ್ತಿದ್ದರು. ಆಮೇಲೆ ಲೋಬಾನದ ಹೊಗೆ. ಆಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ. ಮಗು ಅದೆಂಥ ನಿದ್ದೆ ಮಾಡುತ್ತಿತ್ತು ಅಂದರೆ, ಪುಣೆಗೆ ಬಂದ ಮೇಲೆ ಆ ನಿದ್ದೆಯನ್ನು ನಾನು ಮತ್ತೆ ಕಂಡೇ ಇಲ್ಲ. ಬಾಣಂತಿಗೆ ಅಂಟಿನುಂಡೆ, ಸಬ್ಬಸಿಗೆ ಪಲ್ಯ, ಬಿಸಿ ರೊಟ್ಟಿ, ಬೆಳ್ಳುಳ್ಳಿ. ಆ ಉಂಡೆಗೆ ಬಿದ್ದ ಒಣ ಕೊಬ್ಬರಿ ನಮ್ಮ ತಿಪಟೂರಿನದು, ಅಮ್ಮ ಬಸ್ಸಿನಲ್ಲಿ ಚೀಲಗಟ್ಟಲೆ ಕಳಿಸಿದ್ದಳು.

ಇಲ್ಲಿ ಪುಣೆಯಲ್ಲೂ ಇದೆಲ್ಲ ಇದೆ. ಅಂಟಿನುಂಡೆ ಇಲ್ಲಿ ಡಿಂಕಾಚೆ ಲಾಡು, ಜೊತೆಗೆ ಅಳೀವದ ಲಾಡು. ಎರೆಯುವ ಅಜ್ಜಿಯ ಜಾಗದಲ್ಲಿ ಮಾಲೀಶ್ ಮಾಡುವ ಹೆಂಗಸು. ಆದರೆ ಇಲ್ಲಿ ಅದು ಗಂಟೆಯ ಲೆಕ್ಕದ ಕೆಲಸ. ಅವರು ಬರುತ್ತಾರೆ, ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುತ್ತಾರೆ, ಬಾಣಂತಿಗೂ ತಿಕ್ಕುತ್ತಾರೆ, ಮುಂದಿನ ಸೊಸೈಟಿಗೆ, ಅಂದರೆ ಅಪಾರ್ಟ್‌ಮೆಂಟಿಗೆ, ಹೋಗುತ್ತಾರೆ. ಪ್ರೀತಿ ಇಲ್ಲ ಅಂತಲ್ಲ, ಆದರೆ ಗದಗದ ಅಜ್ಜಿಗೆ ನನ್ನ ಹೆಂಡತಿಯ ಅಮ್ಮನಿಗೂ ಎರೆದ ನೆನಪಿತ್ತು. ಈ ಒಂದು ವಿಷಯದಲ್ಲಿ ನಾವೇ ಮೇಲು, ಪಂಚಾಯ್ತಿ ಬೇಡ.

ನಮ್ಮಲ್ಲಿ ಎಡವಟ್ಟಾಗುವುದು ಬಾಣಂತನ ಮುಗಿದ ಮೇಲೆ. ಐದನೇ ತಿಂಗಳಿಗೆ ತವರಿನಿಂದ ತೊಟ್ಟಿಲು, ಬಟ್ಟೆ, ಬೆಳ್ಳಿ ಬಟ್ಟಲು ಎಲ್ಲ ಕೊಟ್ಟು ಕಳಿಸುತ್ತಾರೆ. ಅಲ್ಲಿಗೆ ಊರಿನವರ ಜವಾಬ್ದಾರಿ ಮುಗಿಯಿತು. ಅಮ್ಮ, ಮಗು ಇಬ್ಬರೂ ಗಟ್ಟಿಯಾಗಿದ್ದಾರಲ್ಲ, ಇನ್ನೇನು? ಆದರೆ ಕೆಲಸಕ್ಕೆ ಹೋಗುವ ಹೆಂಗಸಿಗೆ ನಿಜವಾದ ಕಷ್ಟ ಶುರುವಾಗುವುದೇ ಆಗ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಸಿಗುತ್ತದೆ. ಅದರಲ್ಲಿ ಹೆರಿಗೆಗೆ ಮೊದಲು ಎಂಟು ವಾರದವರೆಗೆ ತೆಗೆದುಕೊಳ್ಳಬಹುದು. ಹಾಗೆ ಮೊದಲೇ ಒಂದಿಷ್ಟು ತೆಗೆದುಕೊಂಡವರಿಗೆ, ಮಗುವಿಗೆ ಮೊದಲ ತುತ್ತು ಅನ್ನ ತಿನ್ನಿಸುವ ಹೊತ್ತಿಗೆ ಅಥವಾ ಅದಕ್ಕೂ ಮೊದಲೇ ಆಫೀಸ್ ಕರೆಯುತ್ತದೆ.

ಆಗ ನಮ್ಮವರು ಮಾಡುವ ಉಪಾಯ ಒಂದೇ. ಅಜ್ಜಿಯನ್ನು ಕರೆಸು.

ಇದರ ಬಗ್ಗೆ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಾಕಡ್, ಹಿಂಜೇವಾಡಿ, ಪಿಂಪಳೆ ಸೌದಾಗರ್, ಬಾಣೇರ್, ಎಲ್ಲೇ ಹೋಗಿ, ಯಾವ ಸೊಸೈಟಿಯಲ್ಲಾದರೂ ಸಂಜೆ ಐದಕ್ಕೆ ಕೆಳಗೆ ಇಳಿದು ನೋಡಿ. ಬೆಂಚುಗಳ ಮೇಲೆ ಅಜ್ಜಿಯರು. ಒಬ್ಬರು ಹುಬ್ಬಳ್ಳಿಯವರು, ಒಬ್ಬರು ರಾಯಚೂರಿನವರು, ಇನ್ನೊಬ್ಬರು ಗುಂಟೂರಿನವರು, ಮತ್ತೊಬ್ಬರು ಕಾನ್ಪುರದವರು. ಮೂರು ತಿಂಗಳು ಇವರು, ಮೂರು ತಿಂಗಳು ಬೀಗರು ಅಂತ ಪಾಳಿ ಹಾಕಿರುತ್ತಾರೆ. ಎಲ್ಲರ ಮಡಿಲಲ್ಲೂ ಮೊಮ್ಮಗು, ಎಲ್ಲರ ಮಂಡಿಯಲ್ಲೂ ನೋವು. ಅರವತ್ತು ದಾಟಿದ ಹೆಂಗಸು, ತನ್ನ ಮನೆ, ತನ್ನ ಅಡುಗೆಮನೆ, ತನ್ನ ಗಂಡನ ಬಿಪಿ ಮಾತ್ರೆ ಎಲ್ಲ ಬಿಟ್ಟು ಬಂದು ಹನ್ನೆರಡನೇ ಮಹಡಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಹತ್ತು ಕಿಲೋ ತೂಗುವ ಮಗುವನ್ನು ಎತ್ತಿ ಇಳಿಸುತ್ತಾ ಇರಬೇಕು. ಇದೇ ಕೆಲಸಕ್ಕೆ ಹೊರಗಿನವರನ್ನು ಇಟ್ಟುಕೊಂಡಿದ್ದರೆ ವಾರಕ್ಕೊಂದು ರಜೆ ಕೊಡುತ್ತಿದ್ದೆವು. ಅಜ್ಜಿಗೆ ಅದೂ ಇಲ್ಲ. "ಮೊಮ್ಮಗು ಜೊತೆ ಇರೋಕೆ ಅವರಿಗೂ ಖುಷಿ" ಅಂತ ನಾವೇ ಸಮಾಧಾನ ಮಾಡಿಕೊಳ್ಳುತ್ತೇವೆ. ಖುಷಿ ಇರುತ್ತದೆ, ಯಾರು ಇಲ್ಲ ಅಂದರು? ಆದರೆ ಸಂಜೆ ಒಂದು ಗಂಟೆಯ ಖುಷಿ ಬೇರೆ, ಹನ್ನೊಂದು ಗಂಟೆಯ ಡ್ಯೂಟಿ ಬೇರೆ.

ನಮ್ಮ ಅಮ್ಮನೂ ಬಂದಿದ್ದಳು. ಪಾಪ, ಏನೂ ಕಡಿಮೆ ಮಾಡಲಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಸರಿ ಹಿಟ್ಟು ತಂದಿದ್ದಳು. ಆದರೆ ಲಿಫ್ಟಿನಲ್ಲಿ ಒಬ್ಬಳೇ ಹತ್ತಲು ಭಯ. ಪಕ್ಕದ ಮನೆಯವರ ಜೊತೆ ಮಾತಿಲ್ಲ, ಯಾಕೆಂದರೆ ಅವರಿಗೆ ಕನ್ನಡ ಬರುವುದಿಲ್ಲ, ಇವಳಿಗೆ ಮರಾಠಿ ಬರುವುದಿಲ್ಲ. ಗುರುವಾರ ನೀರು ಬಂದ್ ಇದ್ದರೆ ಬುಧವಾರ ರಾತ್ರಿಯಿಂದಲೇ ಬಕೆಟ್ ತುಂಬಿಡುವ ಗಡಿಬಿಡಿ. ಊರಲ್ಲಿ ತೋಟ, ಎರಡು ಹಸು, ಅಪ್ಪನ ಊಟ. ದಿನಾ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಹಸುವಿಗೆ ಬೂಸಾ ಹಾಕಿದರಾ ಅಂತ ಕೇಳುವುದು. ಒಂದು ದಿನ ನಾನೇ ಬಸ್ಸಿನ ಟಿಕೆಟ್ ಮಾಡಿ ಕಳಿಸಿಬಿಟ್ಟೆ. ಅತ್ತೆ ಫೋನಿನಲ್ಲಿ, "ಚಿಂತಿ ಮಾಡಬ್ಯಾಡ್ರಿ, ನಾ ಬರ್ತೀನ್ರಿ" ಅಂದರು. ಅವರಿಗೆ ಶುಗರ್ ಇದೆ. ಬೇಡ ಅಂದೆ.

ಆಗ ನಮ್ಮ ಎದುರು ಮನೆಯ ಆಜೋಬಾ, ಅಂದರೆ ಅಜ್ಜ, ನನ್ನನ್ನು ಲಿಫ್ಟಿನ ಹತ್ತಿರ ನಿಲ್ಲಿಸಿ ಸೀದಾ ಕೇಳಿದರು. ಪುಣೆಯ ಹಳಬರು ಹೀಗೆ, ಸುತ್ತಿ ಬಳಸಿ ಮಾತಾಡುವುದೇ ಇಲ್ಲ. "ಇಷ್ಟು ದಿನದಿಂದ ನೋಡ್ತಾ ಇದ್ದೇನೆ, ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ಕೈಯಲ್ಲಿ ಮಗು. ಮೂರನೇ ಬಿಲ್ಡಿಂಗಿನಲ್ಲಿ ಪಾಳಣಾಘರ ಇದೆ. ಯಾಕೆ ಹಾಕಿಲ್ಲ?" ನಾನು, ಅಯ್ಯೋ ನಾನು ಮನೆಯಲ್ಲೇ ಇರ್ತೀನಲ್ಲ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮನೆಯಲ್ಲಿ ಇರ್ತೀರಿ, ಬಿಡುವಾಗಿ ಇರ್ತೀರಾ?" ಅಂದರು. ಲಿಫ್ಟ್ ಬಂತು, ಹೋದರು.

ಪಾಳಣಾಘರ ಅಂದರೆ ತೊಟ್ಟಿಲ ಮನೆ, ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ. ನಗರದ ಡೇ ಕೇರ್‌ಗಳ ಹಾಗೆ ಗೋಡೆಗೆ ಕಾರ್ಟೂನ್ ಬಳಿದು, ಪ್ರತಿ ಮೂಲೆಗೆ ಕ್ಯಾಮೆರಾ ಹಾಕಿ, ವಾರ್ಷಿಕ ಶುಲ್ಕ ಕೇಳುವ ಜಾಗ ಅಂದುಕೊಳ್ಳಬೇಡಿ. ಅಂಥವೂ ಇವೆ. ನಾನು ಹೇಳುತ್ತಿರುವುದು ಮರಾಠಿ ಮಧ್ಯಮ ವರ್ಗದ ಹಳೆಯ ಪಾಳಣಾಘರ. ಒಬ್ಬರು ಕಾಕು, ಅಂದರೆ ಚಿಕ್ಕಮ್ಮನಂಥವರು, ಅವರದೇ ಮನೆ, ಸಹಾಯಕ್ಕೆ ಒಬ್ಬಿಬ್ಬರು ಅಕ್ಕಂದಿರು. ನಮ್ಮ ಕಾಕು ಎರಡು ಬೆಡ್‌ರೂಮಿನ ಫ್ಲ್ಯಾಟಿನ ಹಾಲನ್ನು ಪೂರ್ತಿ ಖಾಲಿ ಮಾಡಿ ಗೋಣಿ ಚಾಪೆಯ ಮೇಲೆ ಗೋಧಡಿ, ಅಂದರೆ ಕೌದಿ, ಹಾಸಿದ್ದಾರೆ. ಒಳಗಿನ ಕೋಣೆಯಲ್ಲಿ ತೊಟ್ಟಿಲುಗಳು. ಪ್ರತಿ ಮಗುವಿಗೂ ಒಂದು ಚೀಲ, ಚೀಲದ ಮೇಲೆ ಬೇರೆ ಬೇರೆ ಬಣ್ಣದ ದಾರದಲ್ಲಿ ಹಾಕಿದ ಗುರುತು. ಒಂದು ಉದ್ದ ರಿಜಿಸ್ಟರ್ ಪುಸ್ತಕ. ಯಾರು ಎಷ್ಟಕ್ಕೆ ಬಂದರು, ಎಷ್ಟು ಕುಡಿದರು, ಎಷ್ಟೊತ್ತು ಮಲಗಿದರು, ಹೊಟ್ಟೆ ಹೇಗಿತ್ತು, ಎಲ್ಲ ಮರಾಠಿಯ ಹಳೆ ಮೋಡಿ ಲಿಪಿಯ ಹಾಗೆ ಕಾಣುವ ಕೈಬರಹದಲ್ಲಿ. ಹನ್ನೊಂದೂವರೆಗೆ ಮೆತ್ತಗೆ ಬೇಯಿಸಿದ ಅನ್ನ, ತುಪ್ಪ, ದೊಡ್ಡ ಮಕ್ಕಳಿಗೆ ಮೇಲೆ ಚಿಟಿಕೆ ಮೆತಕೂಟ್, ಅಂದರೆ ಬೇಳೆ, ಮಸಾಲೆ ಹುರಿದು ಮಾಡಿದ ಪುಡಿ. ನಮ್ಮ ಬೇಳೆಕಟ್ಟು ಅನ್ನಕ್ಕೆ ದೂರದ ನೆಂಟ ಅನ್ನಬಹುದು.

ಬಾಗಿಲಿಗೆ ಬೋರ್ಡ್ ಇದೆ. ಪುಣೇರಿ ಪಾಟಿ ಅಂದರೆ ಗೊತ್ತಲ್ಲ, ಇಲ್ಲಿನವರು ಬಾಗಿಲು, ಗೇಟು, ಅಂಗಡಿ ಮುಂದೆಲ್ಲ ಬರೆದು ಹಾಕುವ ಚುಚ್ಚುಮಾತಿನ ಸೂಚನೆ. ಕಾಕು ಬರೆದಿರುವುದರ ಸಾರಾಂಶ ಇಷ್ಟು: ಮಗುವಿಗೆ ಜ್ವರ ಇದ್ದರೆ ತರಬೇಡಿ. ಜ್ವರದ ಸಿರಪ್ ಕುಡಿಸಿ ತಂದರೂ ಒಂದು ಗಂಟೆಯಲ್ಲಿ ನಮಗೆ ಗೊತ್ತಾಗುತ್ತದೆ. ಸಂಜೆ ಆರೂವರೆಗೆ ಬಾಗಿಲು ಹಾಕುತ್ತೇವೆ, ಟ್ರಾಫಿಕ್ ನಿಮ್ಮದು, ಮಗುವಿನದಲ್ಲ. ಚಿನ್ನ ಹಾಕಿ ಕಳಿಸಬೇಡಿ, ನಮಗೆ ಮಗು ಸಾಕು.

ನನಗೆ ಹಿಡಿಸಿದ್ದು ಇದೇ. ಕೆಲಸ ಏನು, ಹೊತ್ತು ಎಷ್ಟು, ದುಡ್ಡು ಎಷ್ಟು, ಎಲ್ಲ ಬಿಚ್ಚಿ ಹೇಳಿದ್ದಾರೆ. ಯಾರ ಋಣವೂ ಇಲ್ಲ. ನಮ್ಮ ಕಡೆ ಪಕ್ಕದ ಮನೆಯ ಅಕ್ಕನಿಗೆ ಮಗು ಕೊಟ್ಟರೆ ದುಡ್ಡು ಕೊಡುವ ಹಾಗಿಲ್ಲ, ಕೊಟ್ಟರೆ ಅವಮಾನ. ಆದರೆ ಆ ಋಣ ಹತ್ತು ವರ್ಷ ಬಿಡುವುದಿಲ್ಲ, ಯಾವುದೋ ಮದುವೆಯಲ್ಲಿ ಊಟಕ್ಕೆ ಕೂತಾಗ ಎದುರಿಗೆ ಬರುತ್ತದೆ.

ಬೆಳಿಗ್ಗೆ ಹತ್ತಕ್ಕೆ ಬಿಡುತ್ತೇನೆ, ಒಂದೂವರೆಗೆ ಕರೆದುಕೊಂಡು ಬರುತ್ತೇನೆ. ಅಷ್ಟರಲ್ಲಿ ದಿನದ ಕಷ್ಟದ ಕೆಲಸವೆಲ್ಲ ಮುಗಿದಿರುತ್ತದೆ. ಆಮೇಲೆ ಅವಳು ಮಲಗುವ ಹೊತ್ತು. ಪುಣೆಗೆ ಇಲ್ಲೊಂದು ಪುಣ್ಯ ಇದೆ. ಹಳೆ ಪೇಟೆಗಳಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕು ಅಂಗಡಿ ಬಾಗಿಲು ಹಾಕುವ ಅಭ್ಯಾಸದ ಬಗ್ಗೆ ದೇಶವೆಲ್ಲ ಜೋಕು ಮಾಡುತ್ತದೆ, ನಾನೂ ಮಾಡುತ್ತಿದ್ದೆ. ಈಗ ಆ ಜೋಕು ಮಾಡುವುದಿಲ್ಲ. ನಮ್ಮ ಸೊಸೈಟಿಯಲ್ಲಿ ಎರಡರಿಂದ ನಾಲ್ಕು ಡ್ರಿಲ್ ಹಾಕುವಂತಿಲ್ಲ, ಮಕ್ಕಳು ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡುವಂತಿಲ್ಲ. ಆಡಿದರೆ ಮೊದಲ ಮಹಡಿಯ ಆಜ್ಜಿ ಬಾಲ್ಕನಿಗೆ ಬಂದು ಬರೀ ನಿಲ್ಲುತ್ತಾರೆ, ಅಷ್ಟೇ ಸಾಕು. ಸಂಜೆ ನಾಲ್ಕರಿಂದ ಹೆಂಡತಿ ಬರುವವರೆಗೆ ಮಗಳು ನನ್ನ ಹತ್ತಿರ, ಆ ಹೊತ್ತಿನಲ್ಲಿ ಮೀಟಿಂಗ್ ಇಲ್ಲ ಅಂತ ಕ್ಯಾಲೆಂಡರಿನಲ್ಲಿ ಕೆಂಪು ಹಾಕಿದ್ದೇನೆ. ಏಳೂವರೆ ಮೇಲೆ ಅಮೆರಿಕದವರ ಕಾಲ್. ನಾನು ಆಫೀಸಿಗೆ ಹೋಗುವ ಎರಡು ದಿನ ಮಗಳು ಸಂಜೆಯವರೆಗೆ ಕಾಕು ಹತ್ತಿರ.

ಹಾಲಿನ ವಿಷಯ ಒಂದು ಹೇಳಬೇಕು, ಏಕೆಂದರೆ ಊರಲ್ಲಿ ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಹೆಂಡತಿ ಕೆಲಸಕ್ಕೆ ಹೋಗುವ ಮೊದಲು ಎದೆಹಾಲು ತೆಗೆದು ಇಡುತ್ತಾಳೆ. ಸಾಧಾರಣ ತಂಪಿರುವ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನದವರೆಗೆ ಇಡಬಹುದು. ಏಪ್ರಿಲ್ ಬಿಸಿಲಿನ ಪುಣೆಯಲ್ಲಿ ನಾವು ಹೊರಗೆ ಇಡುವುದೇ ಇಲ್ಲ, ಸೀದಾ ಫ್ರಿಜ್ಜಿಗೆ. ಕುಡಿಸುವಾಗ ಬಿಸಿ ನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಬೇಕು. ಒಲೆ ಮೇಲೆ ಕುದಿಸಬಾರದು, ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಸುಡುತ್ತದೆ, ಒಂದು ಕಡೆ ತಣ್ಣಗಿರುತ್ತದೆ. ಅಮ್ಮ ಇದನ್ನು ಕೇಳಿ "ಶಿವಶಿವಾ, ಫ್ರಿಜ್ಜಲ್ಲಾ?" ಅಂತ ಎದೆ ಮೇಲೆ ಕೈ ಇಟ್ಟುಕೊಂಡಳು. ಕಾಕು ಮಾತ್ರ "ಡಬ್ಬಿ ಮೇಲೆ ತಾರೀಖು ಬರೀರಿ" ಅಂದರು, ಅಷ್ಟೇ.

ಆದರೆ ಅಜ್ಜಿಯರು ಎಲ್ಲ ಕಡೆ ಅಜ್ಜಿಯರೇ. ನಮ್ಮಮ್ಮ ಬಜೆ, ಜಾಯಿಕಾಯಿ, ಅಳಲೆಕಾಯಿ ಸಾಣೆಕಲ್ಲಿನ ಮೇಲೆ ತೇದು ಮಗುವಿನ ನಾಲಿಗೆಗೆ ಹಚ್ಚಬೇಕು ಅನ್ನುತ್ತಾಳೆ. ಮೊದಲ ಮಹಡಿಯ ಆಜ್ಜಿ ಬಾಳಗುಟಿ ಕೊಡಿ ಅನ್ನುತ್ತಾರೆ. ಇಬ್ಬರಿಗೂ ಇನ್ನೊಬ್ಬರದ್ದರ ಮೇಲೆ ನಂಬಿಕೆ ಇಲ್ಲ. ಆಜ್ಜಿಯ ಡಬ್ಬಿ ತೆಗೆದು ನೋಡಿದೆ, ಅದೇ ಬಜೆ, ಅದೇ ಜಾಯಿಕಾಯಿ, ಅದೇ ಅಳಲೆ, ಅದೇ ಕಲ್ಲು. ಮಕ್ಕಳ ಡಾಕ್ಟರು ಇಬ್ಬರದ್ದೂ ಬೇಡ ಅಂದರು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಆಮೇಲೂ ತೇದದ್ದು ಬೇಡ, ಕಣ್ಣಿಗೆ ಕಾಡಿಗೆಯೂ ಬೇಡ. ಈ ವಿಷಯದಲ್ಲಿ ಎರಡು ರಾಜ್ಯವೂ ಒಗ್ಗಟ್ಟಾಗಿ ಡಾಕ್ಟರಿಗೆ ಬೈಯುತ್ತಿವೆ.

ಇನ್ನೂ ಒಂದರಲ್ಲಿ ಎರಡೂ ಕಡೆ ಒಂದೇ. ನಾನು ಮಗುವನ್ನು ಲಸಿಕೆಗೆ ಒಬ್ಬನೇ ಕರೆದುಕೊಂಡು ಹೋದರೆ ತಿಪಟೂರಿನಲ್ಲಿ "ತಾಯಿ ಎಲ್ಲಪ್ಪಾ?" ಅನ್ನುತ್ತಾರೆ, ಇಲ್ಲಿ "ಆಯಿ ಕುಠೇ ಆಹೇ?" ಅನ್ನುತ್ತಾರೆ. ಮುಖದಲ್ಲಿ ಅದೇ ಅನುಮಾನ. ಕಾನೂನಿಗೂ ಅದೇ ಅನುಮಾನ ಇದ್ದ ಹಾಗಿದೆ. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುವಿಹಾರ ಇರಬೇಕು, ಸರಿ. ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು, ಸರಿ. ರಜೆ ಮುಗಿದ ಮೇಲೆ ಕೆಲಸದ ರೀತಿ ಹೊಂದುವುದಾದರೆ, ಕಂಪನಿ ಒಪ್ಪಿದರೆ, ಮನೆಯಿಂದ ಕೆಲಸ ಮಾಡಬಹುದು, ಅದೂ ಸರಿ. ಆದರೆ 2017ರಲ್ಲಿ ಸೇರಿಸಿದ ಈ ಮೂರೂ ತಾಯಿಯ ಹೆಸರಲ್ಲಿ ಬರೆದವು. ಕೇಂದ್ರ ಸರ್ಕಾರದ ಗಂಡು ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯವನಿಗೆ ಅಷ್ಟನ್ನೂ ಕೊಡಲೇಬೇಕು ಅನ್ನುವ ಕಾನೂನಿಲ್ಲ, ಕಂಪನಿ ಕೊಟ್ಟಷ್ಟು. ಮನೆಯಿಂದ ಕೆಲಸ ಮಾಡುವ ಅಪ್ಪನ ಮಗು ಯಾರ ಲೆಕ್ಕಕ್ಕೂ ಸೇರಿಲ್ಲ.

ಮಹಾರಾಷ್ಟ್ರದವರಿಗೆ ಪಾಳಣಾಘರದ ಈ ಬುದ್ಧಿ ಆಕಾಶದಿಂದ ಉದುರಿದ್ದಲ್ಲ. ಇಲ್ಲಿ ಹೆಂಗಸರು ಮನೆ ಬಿಟ್ಟು ಕೆಲಸಕ್ಕೆ ಹೋಗಲು ಶುರು ಮಾಡಿ ತಲೆಮಾರುಗಳಾದವು. ಮುಂಬೈಯ ಗಿರಣಿಗಳಿಗೆ ಹೋದರು, ಆಮೇಲೆ ಲೋಕಲ್ ಟ್ರೇನ್ ಹತ್ತಿ ಆಫೀಸುಗಳಿಗೆ ಹೋದರು. ಪುಣೆಯಲ್ಲಿ ಧೋಂಡೋ ಕೇಶವ ಕರ್ವೆ 1896ರಲ್ಲೇ ವಿಧವೆಯರಿಗಾಗಿ ಆಶ್ರಮ ಶುರು ಮಾಡಿ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೇ ಕಟ್ಟಿದರು. ಹೆರಿಗೆ ಸೌಲಭ್ಯದ ಕಾನೂನು ಮುಂಬೈ ಪ್ರಾಂತ್ಯದಲ್ಲಿ ಬಂದದ್ದು 1929ರಲ್ಲಿ. ಅದಕ್ಕೆ ಮುಂಚಿನ ವರ್ಷ ಅಂಬೇಡ್ಕರ್ ಅಲ್ಲಿನ ಶಾಸನ ಸಭೆಯಲ್ಲಿ ಆ ಮಸೂದೆಯ ಪರವಾಗಿ ಮಾತಾಡಿದರು, ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ ಎಂದರು. ಹೆಂಡತಿಗೆ ಇದನ್ನು ಹೇಳಿದಾಗ, "ಅವಾಗ ನಮ್ಮ ಗದಗ ಸೈತ ಮುಂಬೈ ಪ್ರಾಂತ್ಯದಾಗೇ ಇತ್ತು, ನಿಮ್ಮ ತಿಪಟೂರು ಮಹಾರಾಜರದ್ದು" ಅಂತ ನನ್ನನ್ನೇ ಚುಚ್ಚಿದಳು. ನಮ್ಮ ಮನೆಯಲ್ಲಿ ಇಂಥ ಗಡಿ ತಕರಾರು ದಿನಾ ಇದ್ದದ್ದೇ.

ಹಾಗಾದರೆ ಕರ್ನಾಟಕದಲ್ಲಿ ಏನೂ ಇಲ್ಲವಾ? ಇದೆ. ನನಗೆ ತಮಾಷೆ ಅನಿಸುವುದೂ ಇಲ್ಲೇ. ನಮ್ಮ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಘೋಷಣೆ ಮಾಡಿತು. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗಳಲ್ಲಿ 4,000 ಕೂಸಿನ ಮನೆ ಅಂತ. ಅಮ್ಮನಿಗೆ ಈ ಸುದ್ದಿ ಹೇಳಿದರೆ, "ಒಳ್ಳೆ ಕೆಲಸ, ಪಾಪ ಕೂಲಿಗೆ ಹೋಗೋರು ಮಕ್ಕಳನ್ನ ಬಿಸಿಲಲ್ಲಿ ಮಲಗಿಸೋದು ತಪ್ಪುತ್ತೆ" ಅಂದಳು. ಅದೇ ಅಮ್ಮ, ತನ್ನ ಮೊಮ್ಮಗಳನ್ನು ಪಾಳಣಾಘರಕ್ಕೆ ಹಾಕುತ್ತೇನೆ ಅಂದಾಗ, "ಅಪ್ಪ ಅಮ್ಮ ಇಬ್ಬರೂ ಇದ್ದು ಮಗೂನ ದುಡ್ಡು ಕೊಟ್ಟು ಬೇರೆಯವರ ಮನೇಲಿ ಬಿಡ್ತೀರಾ? ಜನ ಏನಂತಾರೆ?" ಅಂತ ಎರಡು ದಿನ ಫೋನ್ ಎತ್ತಲಿಲ್ಲ. ಕೂಲಿ ಮಾಡುವವರ ಮಗುವಿಗೆ ಒಳ್ಳೆಯದಾದದ್ದು ನಮ್ಮ ಮಗುವಿಗೆ ಮರ್ಯಾದೆಗೇಡು. ಇದು ನಮ್ಮಮ್ಮನೊಬ್ಬಳ ಮಾತಲ್ಲ. ಪುಣೆಯಲ್ಲೇ ಇರುವ, ಎರಡು ಕೈಯಲ್ಲಿ ಸಂಬಳ ಎಣಿಸುವ ಎಷ್ಟೋ ಕನ್ನಡದವರ ಮನೆಯಲ್ಲಿ ಇದೇ ಮಾತು ಕೇಳಿದ್ದೇನೆ. ಅವರಲ್ಲಿ ಒಬ್ಬರ ಹೆಂಡತಿ, ಒಳ್ಳೆ ಪ್ರೋಗ್ರಾಮರ್, "ಮನೆಯಿಂದಲೇ ಮಾಡ್ತೀನಲ್ಲ, ಮ್ಯಾನೇಜ್ ಆಗುತ್ತೆ" ಅಂದುಕೊಂಡು, ರಾತ್ರಿ ಹನ್ನೊಂದರಿಂದ ಎರಡರವರೆಗೆ ಕೆಲಸ ಮಾಡಿ ಮಾಡಿ, ಕೊನೆಗೆ ರಾಜೀನಾಮೆ ಕೊಟ್ಟರು. ಗಂಡ ಎಲ್ಲರಿಗೂ "ಅವಳಿಗೇ ಇಷ್ಟ ಇರಲಿಲ್ಲ" ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ. ಇಷ್ಟ ಇರಲಿಲ್ಲವಂತೆ!

ಪಾಳಣಾಘರದಲ್ಲಿ ಎಲ್ಲವೂ ಸೊಗಸು ಅಂತಲೂ ಹೇಳುವುದಿಲ್ಲ. ಒಂದು ಮಗುವಿಗೆ ಶೀತ ಆದರೆ ವಾರದಲ್ಲಿ ಎಲ್ಲ ಮಕ್ಕಳ ಮೂಗೂ ಸೋರುತ್ತದೆ. ಗಣಪತಿ ಹಬ್ಬಕ್ಕೆ ಕಾಕು ಊರಿಗೆ ಹೋದರೆ ನನ್ನ ಗತಿ ಗೋವಿಂದ. ಯಾರ ಮನೆ, ಎಷ್ಟು ಮಕ್ಕಳು, ನೋಡುವವರು ಎಷ್ಟು ಜನ, ಅಡುಗೆಮನೆಗೆ ಗೇಟ್ ಇದೆಯಾ, ಬಾಲ್ಕನಿಗೆ ಜಾಳಿಗೆ ಇದೆಯಾ, ಎಲ್ಲ ಕಣ್ಣಾರೆ ನೋಡದೆ ಮಗು ಬಿಡಬಾರದು. ಹೇಳದೆ ಕೇಳದೆ ಮಧ್ಯದಲ್ಲಿ ಒಂದು ಸಲ ಹೋಗಿ ನೋಡಬೇಕು. ಬರಬೇಡಿ ಅಂದರೆ ಅಲ್ಲಿ ಬಿಡಲೇಬೇಡಿ. ಇನ್ನು ಭಾಷೆ. ಅರ್ಧ ದಿನ ಮರಾಠಿ ಕೇಳಿಸಿಕೊಂಡು ಬರುವ ಮಗು ಕನ್ನಡ ಕಲಿಯುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಉಳಿದ ಅರ್ಧ ದಿನ ನಾವು ಬಾಯಿ ಬಿಟ್ಟರೆ ಕಲಿಯುತ್ತದೆ, ಮೊಬೈಲ್ ನೋಡುತ್ತಾ ಕೂತರೆ ಇಲ್ಲ.

ಮೊಬೈಲ್ ಅಂದ ಕೂಡಲೇ ನೆನಪಾಯಿತು. ಎರಡು ವರ್ಷದ ಒಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ, ನೆಂಟರ ಜೊತೆ ಅಪರೂಪಕ್ಕೆ ವಿಡಿಯೊ ಕಾಲ್ ಆದರೆ ಪರವಾಗಿಲ್ಲ ಅನ್ನುವುದು ನಮ್ಮ ದೇಶದ ಮಕ್ಕಳ ವೈದ್ಯರ ಸಂಘದ ಸಲಹೆ. ಅಮ್ಮನಿಗೆ ಇದರಲ್ಲಿ ಎರಡನೇ ಅರ್ಧ ಮಾತ್ರ ಕೇಳಿಸಿದೆ. ಸಂಜೆ ಹಸು ಕರೆದು ಮುಗಿಸಿ ಫೋನ್ ಮಾಡುತ್ತಾಳೆ. ನಾನು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತೇನೆ. ಆ ಕಡೆಯಿಂದ ಅವಳು ಚಪ್ಪಾಳೆ ತಟ್ಟುತ್ತಾಳೆ, ಈ ಕಡೆ ಮಗಳು ಫೋನ್ ನೆಕ್ಕುತ್ತಾಳೆ. ಅಷ್ಟರಲ್ಲಿ ನಾನು ಸರಿ ಹಿಟ್ಟು ಗಂಟಾಗದಂತೆ ತಿರುವಿ ಇಳಿಸುತ್ತೇನೆ. ಕಾಕು ತಮ್ಮ ನಾಚಣಿ ಸತ್ವವೇ, ಅಂದರೆ ಅವರ ಕಡೆಯ ರಾಗಿ ಹಿಟ್ಟೇ, ಶ್ರೇಷ್ಠ ಅಂದಿದ್ದರು. ಅಮ್ಮ ಕಳಿಸಿದ ಹಿಟ್ಟನ್ನು ಒಂದು ಡಬ್ಬಿ ಕೊಟ್ಟೆ. ಈಗ ಆ ಹಾಲ್‌ನಲ್ಲಿ ಎಲ್ಲ ಮಕ್ಕಳಿಗೂ ಅದೇ ಬೇಕಂತೆ, ತಿಂಗಳಿಗೆ ಎರಡು ಕಿಲೋ ಕಳಿಸೋಕೆ ಆಗುತ್ತಾ, ದುಡ್ಡು ಎಷ್ಟು ಅಂತ ಕೇಳಿದ್ದಾರೆ. ಅಮ್ಮನಿಗೆ ಹೇಳಿದೆ. "ಮಕ್ಕಳಿಗೆ ತಿನ್ನೋಕೆ ಕೊಟ್ಟು ದುಡ್ಡು ತಗೊಳೋದಾ?" ಅಂತ ಮೊದಲು ಮೂಗು ಮುರಿದಳು. ಮಾರನೇ ದಿನ ಅವಳೇ ಫೋನ್ ಮಾಡಿ, ರಾಗಿ ಬೀಸಿಸೋಕೆ ಮಿಲ್ಲಿನವನು ಕಿಲೋಗೆ ಎಷ್ಟು ತಗೋತಾನೆ, ಪಾರ್ಸೆಲ್ ಖರ್ಚು ಎಷ್ಟು ಅಂತ ಲೆಕ್ಕ ಶುರು ಮಾಡಿದಳು.

ಮುಂದಿನ ತಿಂಗಳು ಬರುತ್ತಾಳಂತೆ. ಮಗು ನೋಡಿಕೊಳ್ಳೋಕೆ ಬರಬೇಡ, ಸುಮ್ನೆ ಬಾ, ಇಲ್ಲೇ ಹತ್ತಿರದ ಪುಣ್ಯಕ್ಷೇತ್ರ ಆಳಂದಿಗೆ, ದೇಹೂಗೆ ಕರೆದುಕೊಂಡು ಹೋಗ್ತೀನಿ ಅಂದಿದ್ದೇನೆ. ನಂಬಿದ ಹಾಗಿಲ್ಲ. "ಬೆಳಿಗ್ಗೆ ನಾನೇ ಬಿಡೋಕೆ ಹೋಗ್ತೀನಿ, ಆಯಮ್ಮ ಹೆಂಗೆ ನೋಡ್ಕೋತಾಳೆ ಅಂತ ಒಳಗೇ ಕೂತು ನೋಡ್ಬೇಕು" ಅಂತ ಷರತ್ತು ಹಾಕಿದ್ದಾಳೆ. ಕಾಕು ಬೋರ್ಡಿನ ಕೊನೆಯ ಸಾಲು ಅವಳಿಗೆ ಇನ್ನೂ ಹೇಳಿಲ್ಲ: ಅಜ್ಜಿಯರಿಗೆ ಬಾಗಿಲವರೆಗೆ ಮಾತ್ರ ಪ್ರವೇಶ.